ಒಂದಗುಳಿನ ತೂಕ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳನ್ನು ಹಿಸುಕಿ ನೋಡಿದರೆ ಸಾಕು. ಒಂದೇ ಪಾತ್ರೆಯಲ್ಲಿ ಬೆಂದ ಅಗುಳುಗಳೆಲ್ಲ ಸಮಾನವಾಗಿರುತ್ತವೆ. ಆದರೆ ಜನಸಮುದಾಯ ಹಾಗಲ್ಲ. ಒಂದೆಡೆ ವ್ಯಾಪಕವಾಗಿರುವ ರೋಗ ಮತ್ತೊಂದೆಡೆ ವಿರಳವಾಗಿರಬಹುದು. ಆದುದರಿಂದ, ಕೆಲವರನ್ನು ಪರೀಕ್ಷಿಸಿ ಎಲ್ಲರ ಸ್ಥಿತಿಯನ್ನು ಅಂದಾಜು ಮಾಡುವ ಆರೋಗ್ಯ ಸಮೀಕ್ಷೆಯಲ್ಲಿ, ಪರೀಕ್ಷೆಗೆ ಒಳಗಾದ ಒಬ್ಬೊಬ್ಬರೂ ಎಷ್ಟು ಜನರನ್ನು ಪ್ರತಿನಿಧಿಸುತ್ತಾರೆ ಎಂಬುದನ್ನು ನಿರ್ಧರಿಸಬೇಕಾಗುತ್ತದೆ. ಆ ಸಂಖ್ಯೆಯನ್ನು ಸಂಖ್ಯಾಶಾಸ್ತ್ರದಲ್ಲಿ ‘ತೂಕ’ ಎನ್ನುವರು.

ಒಂದು ಪಟ್ಟಣದಲ್ಲಿ 1 ಲಕ್ಷ, ಅದರ ಸುತ್ತಲಿನ ಹಳ್ಳಿಗಳಲ್ಲಿ 9 ಲಕ್ಷ ಜನರಿದ್ದಾರೆಂದು ಭಾವಿಸೋಣ. ಎರಡು ಕಡೆಯೂ ತಲಾ 1,000 ಜನರನ್ನು ಪರೀಕ್ಷಿಸಿದಾಗ ಪಟ್ಟಣದಲ್ಲಿ 20, ಹಳ್ಳಿಗಳಲ್ಲಿ 2 ರೋಗಿಗಳು ಕಂಡುಬಂದರು. 2,000 ಜನರಲ್ಲಿ 22 ರೋಗಿಗಳೆಂದು ಲೆಕ್ಕ ಹಾಕಿದರೆ 10 ಲಕ್ಷ ಜನರಲ್ಲಿ 11,000 ರೋಗಿಗಳಿರಬೇಕು. ಈ ಎಣಿಕೆ ತಪ್ಪು. ಪಟ್ಟಣದ ಒಬ್ಬೊಬ್ಬರ ತೂಕ 100; ಹಳ್ಳಿಯ ಒಬ್ಬೊಬ್ಬರ ತೂಕ 900. ಅದರಂತೆ ಪಟ್ಟಣದಲ್ಲಿ 2,000, ಹಳ್ಳಿಗಳಲ್ಲಿ 1,800, ಒಟ್ಟು 3,800 ರೋಗಿಗಳಾಗುತ್ತಾರೆ.

ಭಾರತದಲ್ಲಿ 2005–06ರಲ್ಲಿ ನಡೆದ ಮೂರನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 1 ಲಕ್ಷಕ್ಕೂ ಹೆಚ್ಚು ಜನರ ರಕ್ತವನ್ನು ಎಚ್‌ಐವಿ ಸೋಂಕಿಗಾಗಿ ಪರೀಕ್ಷಿಸಲಾಯಿತು. ಸೋಂಕು ಹೆಚ್ಚೆಂದು ತಿಳಿದಿದ್ದ ಕರ್ನಾಟಕ, ಮಹಾರಾಷ್ಟ್ರ, ಮಣಿಪುರ ಮೊದಲಾದ ರಾಜ್ಯಗಳಲ್ಲಿ, ಅವುಗಳ ಸ್ಥಿತಿಯನ್ನು ಪ್ರತ್ಯೇಕವಾಗಿ ಅರಿಯಲೆಂದು, ಹೆಚ್ಚು ಜನರನ್ನು ಆರಿಸಿಕೊಂಡಿದ್ದರು. ತೂಕವಿಲ್ಲದೆ ಕೂಡಿಸಿದ್ದರೆ ಇಡೀ ದೇಶದ ಅಂದಾಜು ಏರಿಬಿಡುತ್ತಿತ್ತು. ತಕ್ಕ ತೂಕದಿಂದ ಲೆಕ್ಕ ಹಾಕಿದಾಗ 15ರಿಂದ 49 ವರ್ಷದವರಲ್ಲಿ ಸೋಂಕಿನ ಪ್ರಮಾಣ ಶೇಕಡಾ 0.28 ಎಂದು ತಿಳಿಯಿತು.

ತಕ್ಕ ತೂಕವನ್ನು ಆರಿಸುವುದೂ ಒಂದು ವಿವೇಕ. ಪ್ರಶ್ನೆಗಳಿಗೆ ಉತ್ತರಿಸಿದವರೆಲ್ಲರೂ ರಕ್ತ ಕೊಡಲು ಒಪ್ಪುವುದಿಲ್ಲ. ಆದುದರಿಂದ ರಕ್ತಪರೀಕ್ಷೆಯ ಫಲಿತಾಂಶಕ್ಕೆ, ರಕ್ತ ಕೊಟ್ಟವರಿಗಾಗಿಯೇ ಸಿದ್ಧಪಡಿಸಿದ ತೂಕವನ್ನು ಬಳಸಬೇಕು. ಆದರೆ ರೋಗದ ಭಯದಿಂದಲೇ ಕೆಲವರು ಹಿಂಜರಿದಿದ್ದರೆ, ಆ ಕೊರತೆಯನ್ನು ಯಾವ ತೂಕವೂ ಪೂರ್ಣವಾಗಿ ತುಂಬಲಾರದು.

ಹಿಂದಿನ ಅಂದಾಜುಗಳು ಮುಖ್ಯವಾಗಿ ಚಿಕಿತ್ಸಾಲಯಗಳಿಗೆ ಬಂದವರ ಪರೀಕ್ಷೆಯನ್ನು ಆಧರಿಸಿದ್ದವು. 2006ರಲ್ಲಿ ದೇಶದ ಸೋಂಕಿತರು 50 ಲಕ್ಷಕ್ಕೂ ಹೆಚ್ಚೆಂದು ಎಣಿಸಲಾಗಿತ್ತು. ಈ ಸಮೀಕ್ಷೆಯ ಫಲಿತಾಂಶವನ್ನೂ ಬಳಸಿಕೊಂಡು 2007ರಲ್ಲಿ ಆ ಸಂಖ್ಯೆಯನ್ನು ಸುಮಾರು 25 ಲಕ್ಷಕ್ಕೆ ತಿದ್ದಲಾಯಿತು. ರೋಗ ಅರ್ಧಕ್ಕೆ ಇಳಿದಿರಲಿಲ್ಲ, ಅಳತೆ ಉತ್ತಮವಾಗಿತ್ತು. ಔಷಧ ಎಲ್ಲಿಗೆ, ಎಷ್ಟು ಬೇಕೆಂಬುದು ಇಂತಹ ಅಳತೆಯನ್ನೇ ಅವಲಂಬಿಸಿದೆ. ಎಣಿಕೆ ತಪ್ಪಿದರೆ, ನಿಜವಾಗಿ ನೊಂದವರ ಪಾಲು ಬೇರೆಡೆಗೆ ಸಲ್ಲುತ್ತದೆ.