ತೇಲುವ ಜಗಲಿ: ಮೊದಲ ಪಾಂಟೂನ್ ದೋಣಿ ಕೊಂಡವರಿಗೆ ಒಂದಿಷ್ಟು ಲೆಕ್ಕ

ಮಿನ್ನೆಸೋಟದಲ್ಲಿ ಏಪ್ರಿಲ್ ಬಂತು ಅಂದ್ರೆ ಎರಡು ಸಂಗತಿ ಖಚಿತ. ಕೆರೆಗಳ ಮೇಲಿನ ಮಂಜುಗಡ್ಡೆ ಕರಗಿ ಒಡೆಯುತ್ತೆ. ಅದರ ಹಿಂದೆಯೇ ನಮ್ಮ ಪರಿಚಯದ ಕನ್ನಡದ ಮನೆಗಳಲ್ಲಿ ಯಾರಾದರೊಬ್ಬರು "ಈ ವರ್ಷ ಒಂದು ಪಾಂಟೂನ್ ತಗೊಂಡುಬಿಡೋಣ" ಅಂತ ಶುರು ಮಾಡ್ತಾರೆ. ಸ್ಪೀಡ್‌ಬೋಟ್ ಅಲ್ಲ, ಮೀನು ಹಿಡಿಯೋ ದೋಣಿಯೂ ಅಲ್ಲ, ಪಾಂಟೂನೇ. ಊರಿಂದ ಬಂದ ಅಜ್ಜಿ ಕೂಡ ಹೆದರದೆ ಹತ್ತಬಹುದಾದ ದೋಣಿ ಅದೊಂದೇ. ಸಮತಟ್ಟಾದ ನೆಲ, ಸುತ್ತ ಕಟಾಂಜನ, ಸೋಫಾ, ಮೇಲೆ ಬಟ್ಟೆಯ ಚಪ್ಪರ. ಚಿತ್ರಾನ್ನದ ಡಬ್ಬಿ ಬಿಚ್ಚಿ ಕೂತರೆ ಮನೆಯ ಜಗಲಿಯೇ ನೀರಿಗಿಳಿದ ಹಾಗಿರುತ್ತೆ.

ಆ ಜಗಲಿಯ ಭಾವನೆ ಎಷ್ಟರ ಮಟ್ಟಿಗೆ ನಿಜ, ಎಲ್ಲಿಂದ ಮುಂದೆ ಅದು ಮೋಸ ಮಾಡುತ್ತೆ ಅನ್ನೋದೇ ಈ ಸಂಚಿಕೆಯ ವಿಷಯ. ಯಾವ ಬ್ರ್ಯಾಂಡ್ ಒಳ್ಳೇದು, ಎಷ್ಟು ಕೊಡಬಹುದು ಅನ್ನೋದಕ್ಕೆ ನಾವು ಹೋಗಲ್ಲ. ಅದನ್ನು ಹೇಳೋಕೆ ಸೇಲ್ಸ್‌ನವರು ತುದಿಗಾಲಲ್ಲಿ ನಿಂತಿರ್ತಾರೆ.

ಪಾಂಟೂನ್ ದೋಣಿಯ ತವರೂ ಮಿನ್ನೆಸೋಟವೇ. 1950ರ ದಶಕದ ಆರಂಭದಲ್ಲಿ ರಿಚ್ಮಂಡ್ ಅನ್ನೋ ಊರಿನ ರೈತ ಆಂಬ್ರೋಸ್ ವೀರೆಸ್, ಉಕ್ಕಿನ ಪೀಪಾಯಿಗಳನ್ನು ಉದ್ದಕ್ಕೆ ಒಂದಕ್ಕೊಂದು ಬೆಸೆದು ಎರಡು ಸಾಲು ಮಾಡಿ, ಮೇಲೆ ಮರದ ಹಲಗೆ ಹಾಸಿ ಹತ್ತಿರದ ಹಾರ್ಸ್‌ಶೂ ಲೇಕ್‌ನಲ್ಲಿ ತೇಲಿಬಿಟ್ಟರು. ನಮ್ಮ ಕಡೆ ತೆಪ್ಪೋತ್ಸವಕ್ಕೆ ಪೀಪಾಯಿಗಳ ಮೇಲೆ ಹಲಗೆ ಕಟ್ಟೋದನ್ನು ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣಲ್ಲ. ಇವತ್ತು ಪೀಪಾಯಿಯ ಜಾಗದಲ್ಲಿ ಅಲ್ಯೂಮಿನಿಯಂ ಕೊಳವೆ ಬಂದಿದೆ, ಹಿಂದೆ ಔಟ್‌ಬೋರ್ಡ್ ಎಂಜಿನ್ ಕೂತಿದೆ. ವಿಜ್ಞಾನ ಮಾತ್ರ ಆರ್ಕಿಮಿಡೀಸ್ ಹೇಳಿದ್ದೇ: ಎಷ್ಟು ನೀರನ್ನು ಪಕ್ಕಕ್ಕೆ ಸರಿಸ್ತೀಯೋ ಅಷ್ಟು ತೂಕವನ್ನು ನೀರು ಹೊರುತ್ತೆ.

ಇದನ್ನು ಸಂಖ್ಯೆಯಲ್ಲಿ ನೋಡೋಣ. ಸುಮಾರು 20 ಅಡಿ ಉದ್ದ, 25 ಇಂಚು ವ್ಯಾಸದ ಒಂದು ಕೊಳವೆ ತಗೊಳ್ಳಿ. ಅದರ ಗಾತ್ರ ಲೆಕ್ಕ ಹಾಕಿದ್ರೆ ಸುಮಾರು 1,930 ಲೀಟರ್. ಅಂದ್ರೆ ಪೂರ್ತಿ ಮುಳುಗಿದಾಗ ಒಂದು ಕೊಳವೆ 1,930 ಕೆಜಿ ಹೊರುತ್ತೆ. ಎರಡೂ ಸೇರಿ 3,860. (ಮುಂದಿನ ತುದಿ ಚೂಪಾಗಿರೋದರಿಂದ ನಿಜವಾದ ಅಂಕಿ ಇನ್ನೂ ಸ್ವಲ್ಪ ಕಮ್ಮಿ.) ಈಗ ಭಾರ. ದೋಣಿ 1,000 ಕೆಜಿ ಇರಲಿ, 115 ಕುದುರೆಶಕ್ತಿಯ ಎಂಜಿನ್ 165, ತುಂಬಿದ ಟ್ಯಾಂಕಿನ ಪೆಟ್ರೋಲ್ 70, ಬ್ಯಾಟರಿ 25. ಒಟ್ಟು 1,260 ಕೆಜಿ. ತಲಾ 75 ಕೆಜಿಯ 10 ಜನ ಹತ್ತಿದರು, 750 ಕೆಜಿ. ಎಲ್ಲಾ ಸೇರಿ 2,010. ಕೊಳವೆಗಳು ಅರ್ಧಕ್ಕಿಂತ ಒಂಚೂರು ಹೆಚ್ಚು ಮುಳುಗಿರುತ್ತವೆ.

"ಇನ್ನೂ ಅರ್ಧ ಖಾಲಿ ಇದೆಯಲ್ಲ, ಇನ್ನೂ ಆರು ಜನ ಹತ್ಲಿ ಬಿಡಿ" ಅಂತ ಅನ್ನಿಸೋದು ಸಹಜ. ಆದರೆ ಆ ಉಳಿದ ಅರ್ಧ ಖಾಲಿ ಸೀಟಲ್ಲ. ಅದು ಠೇವಣಿ.

ಜುಲೈ 4ರ ರಾತ್ರಿ ನೆನಪಿಸಿಕೊಳ್ಳಿ. ದೋಣಿ ಕೆರೆ ಮಧ್ಯ ನಿಂತಿದೆ, ದಡದಲ್ಲಿ ಪಟಾಕಿ. ಎಲ್ಲರೂ ಎದ್ದು ಫೋನ್ ಹಿಡಿದು ಒಂದೇ ಪಕ್ಕಕ್ಕೆ ಬಂದು, ಸರಿಯಾಗಿ ಒಂದು ಕೊಳವೆಯ ಮೇಲೆ ನಿಲ್ತಾರೆ. ದೋಣಿಯ ಸ್ವಂತ ಭಾರ ಎರಡು ಕೊಳವೆಗೆ ಸಮ ಪಾಲು, ತಲಾ 630 ಕೆಜಿ. ಜನರ ಭಾರ ಮಾತ್ರ ಅಷ್ಟೂ ಒಂದೇ ಕಡೆ. 10 ಜನ ಇದ್ದರೆ ಆ ಕೊಳವೆಯ ಮೇಲೆ 630 ಮತ್ತು 750, ಒಟ್ಟು 1,380 ಕೆಜಿ. ಅದರ ತಾಕತ್ತು 1,930. ದೋಣಿ ಒಂದು ಕಡೆ ವಾಲುತ್ತೆ, ಅಜ್ಜಿ "ಅಯ್ಯೋ" ಅಂತಾರೆ, ಅಷ್ಟೇ. ಅದೇ 16 ಜನ ಇದ್ದರೆ? 630 ಮತ್ತು 1,200, ಒಟ್ಟು 1,830. ಕೊಳವೆ ಹೆಚ್ಚುಕಮ್ಮಿ ಪೂರ್ತಿ ನೀರೊಳಗೆ. ಆಗ ಪಕ್ಕದಲ್ಲಿ ಹೋದ ಇನ್ನೊಂದು ದೋಣಿಯ ಅಲೆ ಬಂತು ಅಂದ್ಕೊಳ್ಳಿ. ಮುಳುಗಿಹೋದ ಕೊಳವೆ ಇನ್ನು ಮೇಲಕ್ಕೆ ತಳ್ಳೋಕೆ ಏನೂ ಉಳಿಸಿಕೊಂಡಿರಲ್ಲ.

ಇದಕ್ಕೆ ಕೊಳವೆಯ ಆಕಾರವೂ ಕಾರಣ. ದುಂಡಗಿನ ಕೊಳವೆ ನೀರಿಗಿಳೀತಾ ಹೋದ ಹಾಗೆ, ನೀರಿನ ಮಟ್ಟದಲ್ಲಿ ಅದರ ಅಗಲ ಅರ್ಧದವರೆಗೆ ಹೆಚ್ಚುತ್ತೆ. ಅಲ್ಲಿವರೆಗೆ ಹೊಸ ಭಾರಕ್ಕೆ ದೋಣಿ ಹೆಚ್ಚು ಹೆಚ್ಚು ಗಟ್ಟಿಯಾಗಿ ಎದುರು ನಿಲ್ಲುತ್ತೆ. ಅರ್ಧ ದಾಟಿದ ಮೇಲೆ ಅಗಲ ಕಿರಿದಾಗುತ್ತೆ. ಅರ್ಧದ ಹತ್ತಿರ 100 ಕೆಜಿಗೆ 1.3 ಸೆಂಟಿಮೀಟರ್ ಇಳಿಯೋ ದೋಣಿ, ಕೊಳವೆಗಳು ಶೇಕಡ 90ರ ಆಳಕ್ಕೆ ಹೋದಾಗ ಅದೇ 100 ಕೆಜಿಗೆ 2 ಸೆಂಟಿಮೀಟರಿಗಿಂತ ಹೆಚ್ಚು ಇಳಿಯುತ್ತೆ. ಅಂದ್ರೆ ಅಪಾಯ ಹತ್ತಿರ ಬಂದಷ್ಟೂ ದೋಣಿ ಮೆತ್ತಗಾಗುತ್ತೆ. ಸ್ಟಿಯರಿಂಗ್ ಹತ್ತಿರ ತಯಾರಕರು ಅಂಟಿಸಿರೋ ಫಲಕದಲ್ಲಿ ಇಷ್ಟು ಜನ, ಇಷ್ಟು ಪೌಂಡ್ ಅಂತ ಇರುತ್ತಲ್ಲ, ಅದರ ಹಿಂದೆ ಇರೋದು ಇಂಥ ಲೆಕ್ಕವೇ. ಜನ ಮತ್ತು ತೂಕ, ಎರಡರಲ್ಲಿ ಯಾವುದು ಮೊದಲು ಮುಟ್ಟುತ್ತೋ ಅದೇ ಮಿತಿ. ಐಸ್ ತುಂಬಿದ ಕೂಲರ್, ಲಂಗರು, ಮಕ್ಕಳನ್ನು ಎಳೆಯೋ ಟ್ಯೂಬು ಇವೆಲ್ಲ ತೂಕದ ಲೆಕ್ಕಕ್ಕೇ ಸೇರುತ್ತವೆ. ಪಾರ್ಟಿಗೆ ಕರೆಯೋ ಮುಂಚೆ ಫಲಕ ಓದಿ. ಕರೆದು ಆದ ಮೇಲೆ ಒಬ್ಬರನ್ನು ದಡದಲ್ಲಿ ಬಿಟ್ಟುಹೋಗೋದು ನಮ್ಮ ಸಂಸ್ಕಾರಕ್ಕೆ ಆಗದ ಕೆಲಸ!

ಪಕ್ಕಕ್ಕಿಂತ ಮುಂಭಾಗ ಇನ್ನೂ ಸೂಕ್ಷ್ಮ. ಮುಂದಿನ ಸೀಟಿಗೆ ಎಲ್ಲರಿಗೂ ಆಸೆ. ಎಂಟು ಜನ ಅಲ್ಲೇ ಕೂತು ಮೂತಿ ತಗ್ಗಿರುವಾಗ ಎದುರಿನಿಂದ ದೊಡ್ಡ ಅಲೆ ಬಂದರೆ ನೀರು ನೇರ ನೆಲದ ಮೇಲೆ ಹತ್ತುತ್ತೆ. ಎಂಟೂವರೆ ಅಡಿ ಅಗಲ, 20 ಅಡಿ ಉದ್ದದ ನೆಲದ ಮೇಲೆ ಒಂದೇ ಒಂದು ಸೆಂಟಿಮೀಟರ್ ನೀರು ನಿಂತರೂ ಅದು ಸುಮಾರು 150 ಕೆಜಿ. ಅದೂ ಮುಂದಕ್ಕೇ ಹರಿಯೋ 150 ಕೆಜಿ. ಹೆದರಿ ಥ್ರಾಟಲನ್ನು ತಟ್ಟನೆ ಪೂರ್ತಿ ಇಳಿಸಿದ್ರೆ ಮೂತಿ ಇನ್ನೂ ಕೆಳಗೆ ಹೋಗುತ್ತೆ, ಹಿಂದಿನಿಂದ ನಿಮ್ಮದೇ ಅಲೆ ಬಂದು ಎತ್ತಿ ತಳ್ಳುತ್ತೆ. ಅಲೆ ಕಂಡಾಗ ಮುಂಚೆಯೇ ನಿಧಾನ ಮಾಡಿ, ಜನರನ್ನು ಹಿಂದಕ್ಕೆ ಕರೆದು, ಎಂಜಿನ್ನಿಗೆ ಸ್ವಲ್ಪ ಬಲ ಉಳಿಸಿಕೊಂಡು, ಅಲೆಯನ್ನು ಓರೆಯಾಗಿ ದಾಟಬೇಕು.

ಮುಂದಿನ ಗೇಟಿನ ಆಚೆ ಕಾಲು ಇಳಿಬಿಟ್ಟು ಕೂರೋದಂತೂ ಬೇಡವೇ ಬೇಡ. ಹಲವು ರಾಜ್ಯಗಳಲ್ಲಿ ಅದು ಕಾನೂನಿಗೇ ವಿರುದ್ಧ. ಕಾರಣ ಪಾಂಟೂನಿನ ರಚನೆಯಲ್ಲೇ ಇದೆ. ಬೇರೆ ದೋಣಿಯ ಚೂಪು ಮೂತಿ ಬಿದ್ದವರನ್ನು ಪಕ್ಕಕ್ಕೆ ತಳ್ಳಬಹುದು. ಪಾಂಟೂನಿನ ಮುಂದೆ ಬಿದ್ದವರು ಎರಡು ಕೊಳವೆಗಳ ನಡುವಿನ ಓಣಿಗೆ ಹೋಗ್ತಾರೆ, ಆ ಓಣಿಯ ಕೊನೆಗೆ ಇರೋದು ಪ್ರೊಪೆಲ್ಲರ್. ಗಂಟೆಗೆ 20 ಮೈಲಿ ವೇಗದಲ್ಲಿ 20 ಅಡಿ ದಾಟೋಕೆ ಒಂದು ಸೆಕೆಂಡೂ ಬೇಡ. ಚಾಲಕ ಕೂಗು ಕೇಳಿಸಿಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿರುತ್ತೆ.

ಚಾಲಕನೇ ಬಿದ್ದರೆ ಏನು? ಅದಕ್ಕೇ ಕೆಂಪು ಸುರುಳಿ ದಾರ ಇರೋದು. ಒಂದು ತುದಿ ಚಾಲಕನ ಮೈಗೆ, ಇನ್ನೊಂದು ಸ್ವಿಚ್ಚಿಗೆ. ಎಳೆದುಕೊಂಡರೆ ಎಂಜಿನ್ ನಿಲ್ಲುತ್ತೆ. 2021ರ ಏಪ್ರಿಲ್ 1ರಿಂದ, ಫೆಡರಲ್ ವ್ಯಾಪ್ತಿಯ ನೀರಿನಲ್ಲಿ ಈ ಸ್ವಿಚ್ ಇರುವ 26 ಅಡಿಗಿಂತ ಚಿಕ್ಕ ದೋಣಿಗಳು ವೇಗದಲ್ಲಿ ಓಡುವಾಗ ಅದನ್ನು ಹಾಕಿಕೊಳ್ಳೋದು ಕಡ್ಡಾಯ. ಡಾಕ್‌ನಿಂದ ಹೊರಡುವಾಗಲೇ ಹಾಕಿಕೊಂಡುಬಿಡಿ, ಆಮೇಲೆ ನೆನಪಾಗಲ್ಲ.

ಈಗ ಕಣ್ಣಿಗೆ ಕಾಣದ ವಿಷಯ. ಪಾಂಟೂನಿನ ಏಣಿ ಸಾಮಾನ್ಯವಾಗಿ ಹಿಂಬದಿ, ಎಂಜಿನ್ನಿನ ಪಕ್ಕದಲ್ಲೇ ಇರುತ್ತೆ. ಈಜುವ ಮಕ್ಕಳು ಹಿಡಿದುಕೊಂಡು ತೇಲೋದೂ ಅಲ್ಲೇ. ಎಂಜಿನ್ ಸುಮ್ಮನೆ ಓಡ್ತಾ ಇದ್ದರೆ ಹೊಗೆಯ ಜೊತೆ ಕಾರ್ಬನ್ ಮೊನಾಕ್ಸೈಡ್ ಬರುತ್ತೆ. ಇದರ ತೂಕ ಹೆಚ್ಚುಕಮ್ಮಿ ಗಾಳಿಯಷ್ಟೇ, ಅದಕ್ಕೆ ಗಾಳಿ ಆಡದ ಜಾಗದಲ್ಲಿ ನೀರಿನ ಮೇಲೆ, ಮಕ್ಕಳ ಮೂಗಿನ ಮಟ್ಟದಲ್ಲೇ ನಿಂತುಬಿಡಬಹುದು. ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತೆ. 2000ನೇ ಇಸವಿಯಲ್ಲಿ ಲೇಕ್ ಪೊವೆಲ್‌ನಲ್ಲಿ ಒಂದು ಹೌಸ್‌ಬೋಟಿನ ಹಿಂದೆ ಈಜುತ್ತಿದ್ದ ಇಬ್ಬರು ಪುಟ್ಟ ಅಣ್ಣತಮ್ಮಂದಿರು ಜನರೇಟರಿನ ಹೊಗೆಯಿಂದ ಪ್ರಜ್ಞೆ ತಪ್ಪಿ ಮುಳುಗಿ ತೀರಿಕೊಂಡರು. ದೋಣಿಯ ಹಿಂದಿನ ಬಯಲಿನಲ್ಲೂ ಈ ಅನಿಲ ಕೊಲ್ಲಬಲ್ಲದು ಅನ್ನೋದು ಅಮೆರಿಕದಲ್ಲಿ ದೊಡ್ಡದಾಗಿ ಗಮನಕ್ಕೆ ಬಂದದ್ದು ಆಗ.

ಅದು ಜನರೇಟರಿನ ಕಥೆ, ನಮ್ಮದು ಚಿಕ್ಕ ಎಂಜಿನ್ ಅನ್ನಬೇಡಿ, ಅನಿಲ ಒಂದೇ. ಯಾರಾದರೂ ನೀರಿನಲ್ಲಿದ್ದರೆ ಕೀ ತಿರುಗಿಸಿ ಎಂಜಿನ್ ಆರಿಸಿ. ನ್ಯೂಟ್ರಲ್ ಸಾಲದು. ಪ್ರೊಪೆಲ್ಲರ್ ದೃಷ್ಟಿಯಿಂದಲೂ ಇದೇ ಸರಿ. ಇನ್ನೊಂದು, ಚಳಿ ಅಂತ ಸುತ್ತ ಪರದೆ ಇಳಿಸಿ ನಿಧಾನಕ್ಕೆ ಹೋಗುವಾಗ ಹಿಂದಿನ ಹೊಗೆ ಒಳಗೆ ಎಳೆದುಕೊಳ್ಳಬಹುದು. ತಲೆನೋವು, ವಾಕರಿಕೆ ಬಂದರೆ "ಬಿಸಿಲು ಹೆಚ್ಚಾಯ್ತು" ಅಂತ ಮಜ್ಜಿಗೆ ಕೊಟ್ಟು ಮಲಗಿಸಬೇಡಿ. ಮೊದಲು ಶುದ್ಧ ಗಾಳಿಗೆ ಕರೆದುಕೊಂಡು ಹೋಗಿ.

ಲೈಫ್ ಜಾಕೆಟ್ ಬಗ್ಗೆ ನಮ್ಮ ಅಭಿಪ್ರಾಯ ಕಾನೂನಿಗಿಂತ ಸ್ವಲ್ಪ ಕಟ್ಟುನಿಟ್ಟು. ಮಿನ್ನೆಸೋಟದ ನಿಯಮ ಹೇಳೋದು: ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ ಒಂದೊಂದು ಇರಬೇಕು, 10 ವರ್ಷದೊಳಗಿನವರು ದೋಣಿ ಚಲಿಸುವಾಗ ಹಾಕಿಕೊಂಡೇ ಇರಬೇಕು, 16 ಅಡಿ ಅಥವಾ ಅದಕ್ಕಿಂತ ಉದ್ದದ ದೋಣಿಯಲ್ಲಿ ಎಸೆಯುವಂಥ ತೇಲುದಿಂಬೂ ಒಂದಿರಬೇಕು. ನಾವು ಹೇಳೋದು, ಈಜು ಬರದ ಎಲ್ಲರೂ ಹಾಕಿಕೊಂಡಿರಲಿ. ಊರಿಂದ ಬಂದ ಅಪ್ಪ ಅಮ್ಮಂದಿರಲ್ಲಿ ಈಜು ಬರೋರು ಎಷ್ಟು ಜನ, ಹೇಳಿ? ಸೀಟಿನ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಜಾಕೆಟ್ ಬಿದ್ದವರ ಕೈಗೆ ಸಿಗಲ್ಲ. ಸೀರೆ ಉಟ್ಟವರು ಸೆರಗನ್ನು ಒಳಗೆ ಸೇರಿಸಿ, ಮೇಲೆ ಜಾಕೆಟ್ ಹಾಕಿ, ಬಕಲ್ ಬಿಗಿ ಮಾಡಿ, ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತಿ ನೋಡಲಿ. ಜಾಕೆಟ್ ಕಿವಿಯವರೆಗೆ ಬಂದರೆ ಅದು ಸಡಿಲ.

ಈಜು ಬರೋರಿಗೂ ಮೇ ತಿಂಗಳ ನೀರು ಬೇರೆಯೇ ಪರೀಕ್ಷೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅತಿ ತಣ್ಣೀರಿನ ಬಗ್ಗೆ ಜನಪ್ರಿಯ ಮಾಡಿದ ಸೂತ್ರ 1-10-1. ಬಿದ್ದ ಮೊದಲ 1 ನಿಮಿಷ ಉಸಿರು ಕೈಗೆ ಸಿಗಲ್ಲ, ಆಮೇಲೆ 10 ನಿಮಿಷ ಕೈಕಾಲು ಮಾತು ಕೇಳುತ್ತವೆ, ಪ್ರಜ್ಞೆ ತಪ್ಪೋಕೆ ಸುಮಾರು 1 ಗಂಟೆ. ಆ ಮೊದಲ ನಿಮಿಷದಲ್ಲಿ ತಲೆ ನೀರಿನ ಮೇಲಿರಬೇಕು ಅನ್ನೋದೇ ಜಾಕೆಟ್ಟಿನ ಕೆಲಸ.

ಹೊಸಬರು ಹೆಚ್ಚು ಬೆವರೋದು ಡಾಕ್ ಮಾಡುವಾಗ. ಪಾಂಟೂನ್ ನೀರೊಳಗೆ ಇರೋದು ಕಮ್ಮಿ, ಗಾಳಿಗೆ ಒಡ್ಡಿಕೊಂಡಿರೋದು ಜಾಸ್ತಿ. ಪಕ್ಕದ ಮೈ ಮತ್ತು ಚಪ್ಪರ ಸೇರಿ 8 ಚದರ ಮೀಟರ್ ಅಂದ್ಕೊಂಡರೆ ಗಂಟೆಗೆ 10 ಮೈಲಿ ಗಾಳಿ ಸುಮಾರು 10 ಕೆಜಿಯಷ್ಟು ತಳ್ಳುತ್ತೆ. 20 ಮೈಲಿ ಗಾಳಿಯಾದರೆ 20 ಅಲ್ಲ, 40. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಬ್ರೇಕ್ ಇಲ್ಲ, ನ್ಯೂಟ್ರಲ್‌ನಲ್ಲಿ ಸ್ಟಿಯರಿಂಗೂ ಇಲ್ಲ, ಯಾಕಂದ್ರೆ ದೋಣಿ ತಿರುಗಿಸೋದು ಪ್ರೊಪೆಲ್ಲರ್ ತಳ್ಳುವ ನೀರು. ತಿರುಗೋದೂ ಕಾರಿನ ಹಾಗೆ ಮುಂದಿನಿಂದ ಅಲ್ಲ, ಹಿಂಬದಿ ಹೊರಕ್ಕೆ ಬೀಸುತ್ತೆ. ಆದಷ್ಟೂ ಗಾಳಿಗೆ ಎದುರಾಗಿ, ಡಾಕ್‌ಗೆ ಬಡಿದರೂ ಪರವಾಗಿಲ್ಲ ಅನ್ನುವಷ್ಟು ನಿಧಾನಕ್ಕೆ ಬನ್ನಿ. ದೋಣಿ ಮತ್ತು ಡಾಕ್ ನಡುವೆ ಕಾಲು ಕೊಟ್ಟು ನಿಲ್ಲಿಸೋ ಸಾಹಸ ಯಾರೂ ಮಾಡಬಾರದು, ಅದು ಒಂದೂವರೆ ಎರಡು ಟನ್. ಕರೆಂಟ್ ಸಂಪರ್ಕ ಇರೋ ಡಾಕ್ ಹತ್ತಿರ ಈಜೋದೂ ಬೇಡ. ಸಿಹಿನೀರಿಗಿಂತ ಉಪ್ಪು ತುಂಬಿದ ನಮ್ಮ ಮೈ ಒಳ್ಳೆಯ ವಾಹಕ, ಸೋರಿದ ವಿದ್ಯುತ್ತಿಗೆ ಅದೇ ಸುಲಭದ ದಾರಿ.

ಉಳಿದದ್ದು ಬೇಗ ಹೇಳಿಬಿಡ್ತೀವಿ. ಪೆಟ್ರೋಲಿನಲ್ಲಿ ಎಥನಾಲ್ ಶೇಕಡ 10ಕ್ಕಿಂತ ಹೆಚ್ಚಿರಬಾರದು. ಟ್ರೇಲರಿನ ಮರದ ಪಟ್ಟಿಗೆ ತಾಮ್ರ ಬೆರೆತ ಸಂರಕ್ಷಕ ಹಾಕಿದ್ದರೆ ಅದು ಒದ್ದೆಯಾದಾಗ ಅಲ್ಯೂಮಿನಿಯಂ ಕೊಳವೆಯನ್ನು ತಿನ್ನುತ್ತೆ. ಹಳೇ ದೋಣಿ ಕೊಳ್ಳೋರು ತಳಕ್ಕೆ ಬಗ್ಗಿ ನೋಡಿ. ಕೆರೆಯಿಂದ ಹೊರಗೆ ತೆಗೆದಾಗ ಕಳೆ ಕಿತ್ತು, ನೀರು ಬಸಿದು, ಡ್ರೇನ್ ಪ್ಲಗ್ಗುಗಳನ್ನು ತೆಗೆದೇ ಸಾಗಿಸಬೇಕು ಅನ್ನೋದು ಮಿನ್ನೆಸೋಟದ ಕಾನೂನು. ಜೀಬ್ರಾ ಮಸೆಲ್ ಅನ್ನೋ ಚಿಪ್ಪುಜೀವಿಯ ಮರಿಗಳು ಬರಿಗಣ್ಣಿಗೆ ಕಾಣಲ್ಲ, ಉಳಿದ ಒಂದು ಬಟ್ಟಲು ನೀರಿನಲ್ಲಿ ಇನ್ನೊಂದು ಕೆರೆಗೆ ಪ್ರಯಾಣ ಮಾಡ್ತವೆ. 2025ರ ಜುಲೈಯಿಂದ ಇಲ್ಲಿ ಎಳೆಯ ವಯಸ್ಸಿನ ಚಾಲಕರಿಂದ ಶುರುಮಾಡಿ ಹಂತಹಂತವಾಗಿ ಪರ್ಮಿಟ್ ಕಡ್ಡಾಯ ಆಗ್ತಿದೆ. ನಿಮ್ಮ ವಯಸ್ಸಿಗೆ ಬೇಡದಿದ್ದರೂ ಆ ಕೋರ್ಸ್ ಮಾಡಿ.

ಮೊದಲ ಸಲ ಹೊರಡುವಾಗ ನೆಂಟರನ್ನು ಕರೆಯಬೇಡಿ. ಇಬ್ಬರೇ ಹೋಗಿ, ವಾರದ ನಡುವೆ, ಗಾಳಿ ಇಲ್ಲದ ಸಂಜೆ. ಹತ್ತು ಸಲ ಡಾಕ್‌ಗೆ ಬಂದು ಹತ್ತು ಸಲ ಹೋಗಿ. ಒಂದು ದಿಂಬು ನೀರಿಗೆ ಎಸೆದು, ಅದೇ ಬಿದ್ದವರು ಅಂತ ಭಾವಿಸಿ, ತಿರುಗಿ ಬಂದು ಎಂಜಿನ್ ಆರಿಸಿ ಎತ್ತಿಕೊಳ್ಳೋಕೆ ಎಷ್ಟು ಹೊತ್ತು ಹಿಡಿಯುತ್ತೆ ನೋಡಿ. ಆ ಸಮಯ ನಿಮಗೆ ಸಮಾಧಾನ ತಂದ ಮೇಲೆ ಅಜ್ಜಿಯನ್ನು ಹತ್ತಿಸಿ.

ಮುಂದಿನ ಸಂಚಿಕೆಯಲ್ಲಿ, ಕೆರೆಯ ನೀರು ವರ್ಷಕ್ಕೆ ಎರಡು ಸಲ ಮೇಲೆ ಕೆಳಗೆ ಯಾಕೆ ಮಗುಚಿಕೊಳ್ಳುತ್ತೆ ಅಂತ ನೋಡೋಣ.