ಲೆಕ್ಕಕ್ಕೆ ಸೇರದ ಆಸ್ತಿ: ವರ್ತುಲ ಆರ್ಥಿಕತೆ ಹಾಗೂ ಜೀವವೈವಿಧ್ಯದ ಮೌಲ್ಯ

ಗ್ರಾಮ ಪಂಚಾಯತಿಯ ಆಸ್ತಿ ವಹಿಯಲ್ಲಿ ಕಟ್ಟಡ, ಮಳಿಗೆ, ಪಂಪ್‌ಸೆಟ್ಟುಗಳಿಗೆ ಬೆಲೆ ನಮೂದಾಗಿರುತ್ತದೆ. ಕೆರೆ, ಗುಂಡುತೋಪು, ಗೋಮಾಳಗಳು ಒದಗಿಸುವ ಸೇವೆಗೆ ಅಲ್ಲಿ ಬೆಲೆ ಇರುವುದಿಲ್ಲ. ಬೆಲೆ ನಮೂದಾಗದ ಆಸ್ತಿ ಕೈತಪ್ಪಿದಾಗ ನಷ್ಟವೂ ನಮೂದಾಗುವುದಿಲ್ಲ. ಕೆರೆಯಂಗಳದಲ್ಲಿ ಕಸ ಸುರಿದ ದಿನ ಸಾಗಣೆ ವೆಚ್ಚ ಉಳಿದಂತೆ ಕಾಣುತ್ತದೆ. ಸುತ್ತಲಿನ ಬಾವಿ, ಕೊಳವೆಬಾವಿಗಳ ನೀರು ಕೆಟ್ಟ ಮೇಲೆ ಟ್ಯಾಂಕರ್ ವೆಚ್ಚವಾಗಿ ಆ ಹೊರೆ ಮರಳಿ ಬರುತ್ತದೆ.

ಅರ್ಥಶಾಸ್ತ್ರಜ್ಞ ಪಾರ್ಥ ದಾಸ್‌ಗುಪ್ತ ಅವರು ಬ್ರಿಟನ್ ಸರ್ಕಾರದ ಹಣಕಾಸು ಇಲಾಖೆಗಾಗಿ ಸಿದ್ಧಪಡಿಸಿದ, 2021ರಲ್ಲಿ ಪ್ರಕಟವಾದ ವರದಿಯು ಪ್ರಕೃತಿಯನ್ನು ಆಸ್ತಿಯೆಂದೇ ಪರಿಗಣಿಸುತ್ತದೆ. ಅದು ಪುನಃ ಬೆಳೆಯುವ ವೇಗವನ್ನು ಮೀರಿ ಬಳಸಿದರೆ ಮೂಲಧನವೇ ಕರಗುತ್ತದೆ.

ವರ್ತುಲ ಆರ್ಥಿಕತೆ ಎಂದರೇನು?

ಪಡೆದು, ಬಳಸಿ, ಎಸೆಯುವುದು ನೇರ ಸಾಲಿನ ಪದ್ಧತಿ. ಒಂದು ಹಂತದ ಉಳಿಕೆಯನ್ನು ಮತ್ತೊಂದು ಹಂತದ ಕಚ್ಚಾವಸ್ತುವಾಗಿಸುವುದು ವರ್ತುಲ ಪದ್ಧತಿ. ಗ್ರಾಮಗಳಿಗೆ ಇದು ಹೊಸತಲ್ಲ. ಹೊಲದ ಮೇಲ್ಮಣ್ಣು ಮಳೆಯಲ್ಲಿ ಕೊಚ್ಚಿ ಕೆರೆ ಸೇರುತ್ತದೆ. ಬೇಸಿಗೆಯಲ್ಲಿ ಅದೇ ಹೂಳನ್ನು ರೈತರು ಹೊಲಕ್ಕೆ ಹೊಡೆಯುತ್ತಾರೆ. ಕೆರೆಯ ಸಂಗ್ರಹ ಸಾಮರ್ಥ್ಯವೂ ಹೊಲದ ಫಲವತ್ತತೆಯೂ ಒಟ್ಟಿಗೆ ಹೆಚ್ಚುತ್ತವೆ. ಆದರೆ ಕೆರೆಗೆ ಪ್ಲಾಸ್ಟಿಕ್ ಹಾಗೂ ಚರಂಡಿ ನೀರು ಸೇರಿದರೆ ಹೂಳು ಗೊಬ್ಬರವಾಗದೆ ತ್ಯಾಜ್ಯವಾಗುತ್ತದೆ. ಹಸಿ ಕಸವನ್ನು ಮನೆಯಲ್ಲೇ ಬೇರ್ಪಡಿಸುವುದು ಈ ಕಾರಣಕ್ಕಾಗಿ ಕೃಷಿಯ ಪ್ರಶ್ನೆಯೂ ಹೌದು.

ಮರದ ಬೆಲೆ, ಫಸಲಿನ ಬೆಲೆ

ಉದಾಹರಣೆಗೆ, ಒಂದು ಹುಣಸೆ ಮರವನ್ನು ಕಡಿದು ಮಾರಿದರೆ ಒಮ್ಮೆ ರೂ. 24,000 ದೊರೆಯುತ್ತದೆ, ಫಸಲಿನ ಹರಾಜಿನಿಂದ ವರ್ಷಕ್ಕೆ ರೂ. 2,000 ಬರುತ್ತದೆ ಎಂದು ಭಾವಿಸಬಹುದು. 12 ವರ್ಷಗಳಲ್ಲಿ ಎರಡೂ ಸಮವಾಗುತ್ತವೆ. ಆ ಬಳಿಕವೂ ಮರ ನಿಂತಿರುತ್ತದೆ. ನೆರಳು, ಜೇನು, ಹಕ್ಕಿಗಳ ಆಸರೆ ಈ ಲೆಕ್ಕದ ಹೊರಗೇ ಉಳಿದಿವೆ. ದೇವನಹಳ್ಳಿ ಸಮೀಪದ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾದುದು ಇಂತಹ ಮೌಲ್ಯವನ್ನು ಗುರುತಿಸಿದ್ದರಿಂದ.

ಕಾನೂನಿನ ಬಲ

ಜೈವಿಕ ವೈವಿಧ್ಯ ಅಧಿನಿಯಮ, 2002ರ ಪ್ರಕರಣ 41ರ ಅನ್ವಯ ಸ್ಥಳೀಯ ಸಂಸ್ಥೆಯ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು. ಸ್ಥಳೀಯರೊಂದಿಗೆ ಸಮಾಲೋಚಿಸಿ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸುವುದು ಅದರ ಮುಖ್ಯ ಕಾರ್ಯ. ವಾಣಿಜ್ಯ ಉದ್ದೇಶಕ್ಕೆ ತನ್ನ ವ್ಯಾಪ್ತಿಯಲ್ಲಿ ಜೈವಿಕ ಸಂಪನ್ಮೂಲ ಸಂಗ್ರಹಿಸುವವರಿಂದ ಶುಲ್ಕ ವಿಧಿಸಲು ಸಮಿತಿಗೆ ಅವಕಾಶವಿದೆ. ಪ್ರಕರಣ 43 ಸ್ಥಳೀಯ ಜೀವವೈವಿಧ್ಯ ನಿಧಿಗೆ ಅವಕಾಶ ಕಲ್ಪಿಸಿದೆ. ಸಂಪನ್ಮೂಲವು ದಾಖಲಾತಿಯಲ್ಲಿಯೇ ಇಲ್ಲದಿದ್ದರೆ ಗ್ರಾಮದ ಪಾಲನ್ನು ಕೇಳಲು ಆಧಾರ ಕ್ಷೀಣಿಸುತ್ತದೆ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ದಾಖಲಾತಿಯನ್ನು ಗ್ರಾಮಸಭೆಯಲ್ಲಿ ಓದಿಸಿ, ಹಿರಿಯರು, ಕುರಿಗಾಹಿಗಳು, ನಾಟಿವೈದ್ಯರು ಹಾಗೂ ಬೀಜ ಕಾಪಾಡಿದ ಮಹಿಳೆಯರ ತಿಳಿವಳಿಕೆಯನ್ನು ಸೇರಿಸುವುದು.

2. ಮರ ಕಡಿತಲೆ ಅಥವಾ ಸಾಮುದಾಯಿಕ ಜಮೀನಿನ ಅನ್ಯ ಬಳಕೆಯ ಪ್ರಸ್ತಾವ ಬಂದಾಗ ಒಮ್ಮೆ ಬರುವ ಆದಾಯದ ಪಕ್ಕದಲ್ಲಿ ಪ್ರತಿವರ್ಷ ತಪ್ಪುವ ಆದಾಯವನ್ನೂ ಬರೆಯಿಸುವುದು.

3. ಕೆರೆಯಂಗಳದಲ್ಲಿ ಕಸ ವಿಲೇವಾರಿಯನ್ನು ನಿಲ್ಲಿಸಿ, ಹಸಿ ಕಸದ ಗೊಬ್ಬರ ಸ್ಥಳೀಯ ರೈತರಿಗೆ ತಲುಪುವಂತೆ ನೋಡಿಕೊಳ್ಳುವುದು.

ಸಭೆಯ ನಡವಳಿಯಲ್ಲಿ ಈ ಲೆಕ್ಕ ಒಮ್ಮೆ ದಾಖಲಾದರೆ, ಮುಂದಿನ ಆಡಳಿತ ಮಂಡಳಿಗೂ ಅದನ್ನು ಕಡೆಗಣಿಸುವುದು ಸುಲಭವಾಗದು.