ಹೆಸರು ಬರೆಯದೆ ಉಳಿದ ಧಾಟಿ

ಅಕ್ಕಂದಿರೇ, ಹಾಡಿಗೆ ಪದ ಇರುತ್ತೆ. ಧಾಟಿಯೂ ಇರುತ್ತೆ. ಪದ ಮರೆತರೂ ಧಾಟಿ ಮನಸ್ಸಿನಲ್ಲಿ ಉಳಿಯುತ್ತದೆ. ಆದರೆ ಹಾಡುವವರೇ ಹೋದರೆ? ಧಾಟಿಯೂ ಅವರ ಜೊತೆಗೇ ಹೋಗುತ್ತದೆ.

ಹಾಗೆ ಹೋಗದೆ ಉಳಿದ ಒಂದು ಧಾಟಿಯ ಕತೆ ಇದು. ಇದು ನಮ್ಮ ನಾಡಿನದಲ್ಲ. ದೂರದ ಐರ್ಲೆಂಡ್ ದೇಶದ್ದು. ಇಂಗ್ಲೆಂಡಿನ ಪಕ್ಕ, ಸಮುದ್ರದ ನಡುವೆ ಆ ನಾಡು ಇದೆ.

ಅಲ್ಲಿನ ಬಡವರಿಗೆ ಆಗ ಆಲೂಗಡ್ಡೆಯೇ ಊಟ. 1845ರಲ್ಲಿ ಆ ಬೆಳೆಗೆ ರೋಗ ಬಂತು. ಗೆಡ್ಡೆ ನೆಲದಲ್ಲೇ ಕೊಳೆಯಿತು. ಕೆಲವು ವರ್ಷ ಹೀಗೇ ಆಯಿತು. ಹಸಿವು, ಜ್ವರಕ್ಕೆ ಸುಮಾರು 10 ಲಕ್ಷ ಜನ ಸತ್ತರು. ಇನ್ನೂ 10 ಲಕ್ಷ ಜನ ಹಡಗು ಹತ್ತಿ ದೇಶ ಬಿಟ್ಟರು. ಊರುಗಳಲ್ಲಿ ಹಾಡೇ ಕೇಳದಂತಾಯಿತು.

ಜಾರ್ಜ್ ಪೀಟ್ರಿ ಎಂಬುವರಿಗೆ ಇದರಿಂದ ತುಂಬ ದುಃಖವಾಯಿತು. ಹಳೆಯ ಧಾಟಿಗಳನ್ನು ಉಳಿಸಬೇಕು ಅಂತ 1851ರಲ್ಲಿ ಒಂದು ಸಂಘ ಕಟ್ಟಿದರು. ಗೊತ್ತಿದ್ದವರು ಧಾಟಿಗಳನ್ನು ಬರೆದು ಕಳಿಸಿದರು.

ಉತ್ತರದಲ್ಲಿ ಲಿಮವ್ಯಾಡಿ ಎಂಬ ಊರು. ಅಲ್ಲಿ ಜೇನ್ ರಾಸ್ ಎಂಬ ಹೆಣ್ಣುಮಗಳು ಇದ್ದರು. ಅವರಿಗೆ ಸಂಗೀತದ ಸ್ವರ ಬರೆಯಲು ಬರುತ್ತಿತ್ತು. ಸುತ್ತಲಿನ ಜನರ ಧಾಟಿಗಳನ್ನು ಅವರು ಬರೆದಿಡುತ್ತಿದ್ದರು. ಆ ಊರಿನವರು ಈಗಲೂ ಒಂದು ಮಾತು ಹೇಳ್ತಾರೆ. ಸಂತೆಯ ದಿನ ಕಣ್ಣು ಕಾಣದವನೊಬ್ಬ ಬೀದಿಯಲ್ಲಿ ಪಿಟೀಲು ನುಡಿಸುತ್ತಿದ್ದನಂತೆ. ಜೇನ್ ಕಿವಿಗೊಟ್ಟು ಕೇಳಿ, ಆ ಧಾಟಿಯನ್ನು ಬರೆದುಕೊಂಡರಂತೆ.

ಜೇನ್ ಅದನ್ನು ಪೀಟ್ರಿಯವರಿಗೆ ಕಳಿಸಿದರು. ತುಂಬ ಹಳೆಯದು ಅಂತ ಮಾತ್ರ ತಿಳಿಸಿದರು. 1855ರಲ್ಲಿ ಪೀಟ್ರಿ ಅದನ್ನು ತಮ್ಮ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಧಾಟಿಗೆ ಹೆಸರಿರಲಿಲ್ಲ. ನುಡಿಸಿದವನ ಹೆಸರೂ ಇರಲಿಲ್ಲ. ಮುಂದೆ ಜನ ಆ ಜಿಲ್ಲೆಯ ಹೆಸರನ್ನೇ ಇಟ್ಟು 'ಲಂಡನ್‌ಡೆರಿ ಧಾಟಿ' ಅಂತ ಕರೆದರು.

ಈ ಧಾಟಿ ಎಷ್ಟು ಹಳೆಯದು? ಅದನ್ನು ಬಲ್ಲವರು ಹುಡುಕಿದರು. ಲಿಮವ್ಯಾಡಿಯ ಹತ್ತಿರವೇ ಹೆಂಪ್ಸನ್ ಎಂಬ ಮುದುಕ ಇದ್ದ. ಚಿಕ್ಕಂದಿನಲ್ಲೇ ಸಿಡುಬು ಬಂದು ಅವನ ಕಣ್ಣು ಹೋಗಿತ್ತು. ಹಾರ್ಪ್ ಎಂಬ ದೊಡ್ಡ ತಂತಿವಾದ್ಯವನ್ನು ಉಗುರಿನಿಂದ ಮೀಟುತ್ತಿದ್ದ. 1792ರಲ್ಲಿ ಬೆಲ್‌ಫಾಸ್ಟ್ ಪಟ್ಟಣದಲ್ಲಿ ಹಾರ್ಪ್ ನುಡಿಸುವವರೆಲ್ಲ ಸೇರಿದರು. ಹೆಂಪ್ಸನ್ ಕೂಡ ಬಂದ. ಬಂಟಿಂಗ್ ಎಂಬ ತರುಣ ಅಲ್ಲಿ ಕುಳಿತು ಸ್ವರ ಬರೆದುಕೊಂಡ. 1796ರಲ್ಲಿ ಪುಸ್ತಕ ಮಾಡಿದ. ಅದರಲ್ಲಿ 'ತರುಣನ ಕನಸು' ಎಂಬ ಧಾಟಿ ಇದೆ. ಅದಕ್ಕೂ ಜೇನ್ ಬರೆದ ಧಾಟಿಗೂ ಹೋಲಿಕೆ ಇದೆ ಅಂತ ಬಲ್ಲವರು ಹೇಳುತ್ತಾರೆ. ಅಂದರೆ ಇದು ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದು, ದಾರಿಯಲ್ಲಿ ರೂಪ ಬದಲಿಸಿಕೊಂಡ ಧಾಟಿ.

ಕತೆ ಇಲ್ಲಿಗೆ ಮುಗಿಯಲಿಲ್ಲ. ಇಂಗ್ಲೆಂಡಿನಲ್ಲಿ ವೆದರ್ಲಿ ಎಂಬ ವಕೀಲರು ಹಾಡು ಕಟ್ಟುತ್ತಿದ್ದರು. ಅವರ ಮನೆಯ ಸಂಬಂಧಿ ಮಾರ್ಗರೆಟ್ ಅಮೆರಿಕದಲ್ಲಿದ್ದರು. 1912ರಲ್ಲಿ ಮಾರ್ಗರೆಟ್ ಈ ಧಾಟಿಯನ್ನು ಅವರಿಗೆ ಕಳಿಸಿದರು. ವೆದರ್ಲಿ ತಮ್ಮ ಪದಗಳನ್ನು ಅದಕ್ಕೆ ಹೊಂದಿಸಿದರು. 1913ರಲ್ಲಿ 'ಡ್ಯಾನಿ ಬಾಯ್' ಎಂಬ ಹಾಡು ಅಚ್ಚಾಯಿತು. ದೂರ ಹೋಗುವ ಪ್ರೀತಿಯ ಮಗುವನ್ನು ಕಳಿಸಿಕೊಡುವ ಹಾಡು ಅಂತ ಎಷ್ಟೋ ಜನ ಅದನ್ನು ಹಾಡುತ್ತಾರೆ. ದೇಶ ಬಿಟ್ಟುಹೋದ ಐರ್ಲೆಂಡಿನವರಿಗೆ ಅದು ತವರಿನ ಹಾಡಾಯಿತು.

ನೋಡಿ, ಇಬ್ಬರು ಹೆಂಗಸರು ಇಲ್ಲದಿದ್ದರೆ ಈ ಹಾಡು ಇಲ್ಲ. ಒಬ್ಬರು ಬರೆದಿಟ್ಟರು. ಇನ್ನೊಬ್ಬರು ಕಳಿಸಿಕೊಟ್ಟರು. ಆದರೆ ಪಿಟೀಲು ನುಡಿಸಿದವನ ಹೆಸರು ಮಾತ್ರ ಕಾಗದಕ್ಕೆ ಬರಲಿಲ್ಲ. ಒಂದೇ ಒಂದು ಸಾಲು ಬರೆದಿದ್ದರೆ ಸಾಕಿತ್ತು.

ನಿಮಗೀಗ ಅಕ್ಷರ ಬರುತ್ತೆ. ನಿಮ್ಮ ಅಜ್ಜಿ ಹೇಳುವ ಹಾಡಿನ ಪದ ಬರೆದಿಡಿ. ಕೆಳಗೆ ಅಜ್ಜಿಯ ಹೆಸರು, ಊರು ಬರೆಯಲು ಮರೆಯಬೇಡಿ.